ಓದುಗರ ಪ್ರಶ್ನೆ: ಕಾರ್ಖಾನೆಯ ಬೋರ್ಡಿನ ಮೇಲಿನ ಅಂಕಿಯನ್ನು ಎಷ್ಟು ನಂಬಬೇಕು?

ಕೆಲಸದ ಸ್ಥಳದ ಗಾಯ ಮತ್ತು ಕಾಯಿಲೆಗಳ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳವು. ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ. ಉತ್ತರಿಸಿರುವವರು ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ದುಡಿದು ನಿವೃತ್ತರಾದವರು.

ಪ್ರಶ್ನೆ: ಅಮೆರಿಕದ ಒಂದು ಪಟ್ಟಿಯಲ್ಲಿ ಮರ ಕಡಿಯುವ ಕೆಲಸವೇ ಎಲ್ಲಕ್ಕಿಂತ ಅಪಾಯದ್ದು ಎಂದಿದೆ. ಅದೇ ದೇಶದ ಇನ್ನೊಂದು ಪಟ್ಟಿಯಲ್ಲಿ ಕೆಲಸದ ಮೇಲೆ ಹೆಚ್ಚು ಸಾಯುವವರು ಲಾರಿ ಚಾಲಕರು ಎಂದಿದೆ. ಯಾವುದು ಸರಿ? — ಅಪ್ರೆಂಟಿಸ್ ಒಬ್ಬರು, ವಸಂತನರಸಾಪುರ, ತುಮಕೂರು

ಎರಡೂ ಸರಿ. ಒಂದು ಪಟ್ಟಿ ತಲೆ ಎಣಿಸಿದೆ, ಇನ್ನೊಂದು ದರ ಹಾಕಿದೆ. 2022ರಲ್ಲಿ ಅಮೆರಿಕದಲ್ಲಿ ಕೆಲಸದ ಗಾಯಗಳಿಂದ ಸತ್ತವರು 5,486 ಮಂದಿ. ಅವರಲ್ಲಿ ಸಾವಿರಕ್ಕೂ ಹೆಚ್ಚು ಜನ ಲಾರಿ ಮತ್ತು ಸರಕು ವಾಹನಗಳ ಚಾಲಕರು. ಮರ ಕಡಿಯುವವರಲ್ಲಿ ಸತ್ತವರು ನೂರು ಮಂದಿಯೂ ಇಲ್ಲ. ಆದರೆ ಆ ಕೆಲಸ ಮಾಡುವವರೇ ಅಲ್ಲಿ ಬಹಳ ಕಡಿಮೆಯಾದ್ದರಿಂದ, ಪೂರ್ಣಾವಧಿ ದುಡಿಯುವ ಒಂದು ಲಕ್ಷ ಜನರಿಗೆ ಎಷ್ಟು ಸಾವು ಎಂದು ಲೆಕ್ಕ ಹಾಕಿದಾಗ ಅವರ ದರ ಸುಮಾರು 100 ಆಗುತ್ತದೆ, ಚಾಲಕರ ದರ ಸುಮಾರು 30 ಆಗುತ್ತದೆ, ಎಲ್ಲ ಕೆಲಸಗಾರರ ಸರಾಸರಿ ದರ 3.7 ಆಗುತ್ತದೆ. ಕೋಲಾರದ ಮಾರುಕಟ್ಟೆಗೆ ಬಂದ ಸಾವಿರ ಬಾಕ್ಸ್ ಟೊಮೆಟೊದಲ್ಲಿ ಐವತ್ತು ಕೆಟ್ಟಿವೆ, ಇನ್ನೊಬ್ಬ ರೈತ ತಂದ ಇಪ್ಪತ್ತು ಬಾಕ್ಸಿನಲ್ಲಿ ಹತ್ತು ಕೆಟ್ಟಿವೆ ಎಂದುಕೊಳ್ಳಿ. ಕೆಟ್ಟ ಬಾಕ್ಸು ಹೆಚ್ಚಾಗಿ ಸಿಕ್ಕಿದ್ದು ಮೊದಲನೆಯವನ ಲೋಡಿನಲ್ಲಿ. ಆದರೂ ವ್ಯಾಪಾರಿ ಹಿಂದೆ ಸರಿಯುವುದು ಎರಡನೆಯವನ ಲೋಡಿನಿಂದ.

ನೀವು ಕಲಿಯುವ ಹುಡುಗನಾದ್ದರಿಂದ ಲೆಕ್ಕವನ್ನೂ ಹೇಳುತ್ತೇನೆ. ನಮ್ಮಲ್ಲಿ ಗಾಯದ ದರ ಲೆಕ್ಕ ಹಾಕಲು ಇರುವ ಭಾರತೀಯ ಮಾನಕ 3786ರ ಪ್ರಕಾರ ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ, ಎಲ್ಲರೂ ಸೇರಿ ದುಡಿದ ಒಟ್ಟು ಗಂಟೆಗಳಿಂದ ಭಾಗಿಸುತ್ತಾರೆ. ವರ್ಷಕ್ಕೆ ತಲಾ 2,400 ಗಂಟೆ ದುಡಿಯುವ 250 ಜನರ ಕಾರ್ಖಾನೆಯಲ್ಲಿ ಮೂರು ಗಾಯಗಳಾದರೆ ದರ 5 ಬರುತ್ತದೆ. ಅಷ್ಟೇ ಗಂಟೆ ದುಡಿಯುವ 40 ಜನರ ಶೆಡ್ಡಿನಲ್ಲಿ ಎರಡೇ ಗಾಯಗಳಾದರೂ ದರ 20 ದಾಟುತ್ತದೆ. ಅಮೆರಿಕದವರು ಹತ್ತು ಲಕ್ಷದ ಬದಲು ಎರಡು ಲಕ್ಷದಿಂದ ಗುಣಿಸುತ್ತಾರೆ, ಏಕೆಂದರೆ ನೂರು ಜನ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದರೆ ಆಗುವುದು ಎರಡು ಲಕ್ಷ ಗಂಟೆ. ಹೀಗಾಗಿ ಅವರ 1 ಎಂದರೆ ನಮ್ಮ 5. ಇದನ್ನು ಗಮನಿಸದೆ ಎರಡೂ ದೇಶಗಳ ಅಂಕಿಯನ್ನು ಅಕ್ಕಪಕ್ಕ ಇಟ್ಟು ಭಾಷಣ ಮಾಡಿದವರನ್ನು ಸುರಕ್ಷತಾ ಸಪ್ತಾಹದ ವೇದಿಕೆಗಳಲ್ಲಿ ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಮಾನಕದಲ್ಲಿ ತೀವ್ರತೆಯ ದರ ಎಂಬ ಇನ್ನೊಂದು ಲೆಕ್ಕವೂ ಇದೆ. ಗಾಯದಿಂದ ಎಷ್ಟು ದಿನಗಳ ಕೆಲಸ ಹೋಯಿತು ಎಂಬುದನ್ನು ಅದು ಅಳೆಯುತ್ತದೆ. ಒಂದು ಸಾವನ್ನು 6,000 ದಿನಗಳ ನಷ್ಟವೆಂದು ಬರೆದುಕೊಳ್ಳುತ್ತದೆ. ಅಪಾಯ ಎಂದರೆ ಸಾವು ಮಾತ್ರ ಅಲ್ಲವಲ್ಲ. ಅಮೆರಿಕದ ಅಂಕಿಗಳಲ್ಲೇ, ಸಾಯದೆ ಗಾಯಗೊಳ್ಳುವವರ ದರ ನೋಡಿದರೆ ವೃದ್ಧರನ್ನು ನೋಡಿಕೊಳ್ಳುವ ಆರೈಕೆ ಕೇಂದ್ರಗಳು ಕಟ್ಟಡ ಕೆಲಸವನ್ನೂ ಮೀರಿಸುತ್ತವೆ. ಮೈಭಾರ ಬಿಟ್ಟ ರೋಗಿಯನ್ನು ದಿನಕ್ಕೆ ಹತ್ತಾರು ಸಲ ಎತ್ತಿ ಕೂರಿಸುವ ದಾದಿಯ ಸೊಂಟ ಹೋಗುವುದು ಯಾವ ಪತ್ರಿಕೆಗೂ ಸುದ್ದಿಯಲ್ಲ.

ಪ್ರಶ್ನೆ: ನಮ್ಮ ಕಾರ್ಖಾನೆಯ ಗೇಟಿನಲ್ಲಿ "ಅಪಘಾತರಹಿತ ದಿನಗಳು" ಎಂಬ ಬೋರ್ಡಿದೆ, ಸಂಖ್ಯೆ ಮುನ್ನೂರು ದಾಟಿದೆ. ಇದೇ ಅವಧಿಯಲ್ಲಿ ನನ್ನ ಕಣ್ಣೆದುರೇ ಇಬ್ಬರು ಬೆರಳಿನ ತುದಿ ಕಳೆದುಕೊಂಡಿದ್ದಾರೆ. ಇದು ಹೇಗೆ ಸಾಧ್ಯ? — ಕಾರ್ಮಿಕರೊಬ್ಬರು, ನರಸಾಪುರ, ಕೋಲಾರ

ಸಾಧ್ಯವಾಗಿಸುವುದು ಹೇಗೆಂದು ನನಗೆ ಗೊತ್ತು, ಏಕೆಂದರೆ ಒಮ್ಮೆ ಅದರಲ್ಲಿ ನನ್ನ ಕೈಯೂ ಇತ್ತು.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಅಲ್ಲಿ ತಗಡನ್ನು ಅಚ್ಚಿನಲ್ಲಿಟ್ಟು ಒತ್ತುವ ಪವರ್ ಪ್ರೆಸ್ಸಿಗೆ ಎರಡು ಗುಂಡಿಗಳಿದ್ದವು. ಎರಡೂ ಕೈ ಎರಡೂ ಗುಂಡಿಯ ಮೇಲಿದ್ದರೆ ಮಾತ್ರ ಮೇಲಿನ ಭಾರ ಕೆಳಗಿಳಿಯಬೇಕು ಎಂಬುದು ಅದರ ವ್ಯವಸ್ಥೆ, ಆಗ ಬೆರಳು ಅಚ್ಚಿನೊಳಗೆ ಇರಲಾರದು. ಶಿಫ್ಟಿಗೆ ಇಷ್ಟು ಪೀಸು ಎಂಬ ಗುರಿ ಏರುತ್ತಾ ಹೋದ ಹಾಗೆ, ಎಡಗಡೆಯ ಗುಂಡಿಗೆ ಯಾರೋ ಐಸ್‌ಕ್ರೀಮ್ ಕಡ್ಡಿ ಸಿಕ್ಕಿಸಿ ಅದರ ಮೇಲೆ ಕಪ್ಪು ಟೇಪು ಸುತ್ತಿದ್ದರು. ಬಲಗೈ ಗುಂಡಿ ಒತ್ತುತ್ತಿತ್ತು, ಎಡಗೈ ತಗಡನ್ನು ಸರಿಪಡಿಸುತ್ತಿತ್ತು. ತೋರುಬೆರಳಿನ ಒಂದು ಗಿಣ್ಣು ಹೋದ ಹುಡುಗನನ್ನು ಆಸ್ಪತ್ರೆಯಿಂದ ನೇರವಾಗಿ ಮನೆಗೆ ಕಳಿಸಿ, ಮರುದಿನವೇ ಕಂಪನಿಯ ಜೀಪಿನಲ್ಲಿ ಕರೆಸಿಕೊಂಡು ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಕೂರಿಸಿದರು. ಬ್ಯಾಂಡೇಜಿನ ಕೈಯನ್ನು ರಕ್ತ ಇಳಿಯದಿರಲೆಂದು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಬಲಗೈಯಲ್ಲಿ ಅವನು ಗೇಟ್ ಪಾಸ್ ಬರೆಯುತ್ತಿದ್ದ. ಹಾಜರಿ ಪುಸ್ತಕದಲ್ಲಿ ಅವನು ಕೆಲಸಕ್ಕೆ ಬಂದಿದ್ದಾನೆ, ಆದ್ದರಿಂದ ಅದು ವರದಿ ಮಾಡಬೇಕಾದ ಅಪಘಾತವಲ್ಲ. ಆ ತಿಂಗಳ ವರದಿಗೆ ಸಹಿ ಹಾಕಿದವನು ನಾನೇ.

ಇದರ ಹಿಂದಿರುವುದು 48 ಗಂಟೆಗಳ ನಿಯಮ. ಸಾವು ಸಂಭವಿಸಿದರೆ, ಇಲ್ಲವೇ ಗಾಯಗೊಂಡವನು 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಕಾರ್ಖಾನೆಗಳ ಇಲಾಖೆಗೆ ತಿಳಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಅದರ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆಯಲ್ಲೂ ಆ ಗೆರೆ ಹಾಗೆಯೇ ಉಳಿದಿದೆ. ಗೆರೆ ಎಲ್ಲಿದೆ ಎಂದು ಗೊತ್ತಿದ್ದವರಿಗೆ ಅದರ ಈಚೆ ನಿಲ್ಲಿಸುವುದು ಕಷ್ಟವಲ್ಲ. ಇನ್ನೊಂದು ಉಪಾಯ ಗುತ್ತಿಗೆ ಕಾರ್ಮಿಕರದು: ಅವರು ದುಡಿದ ಗಂಟೆಗಳು ಭಾಗಿಸುವ ಸಂಖ್ಯೆಗೆ ಸೇರುತ್ತವೆ, ಅವರಿಗಾದ ಗಾಯ ಗುತ್ತಿಗೆದಾರನ ಪುಸ್ತಕಕ್ಕೆ ಹೋಗುತ್ತದೆ. ಕೆಳಗಿನ ಸಂಖ್ಯೆ ಬೆಳೆದು ಮೇಲಿನ ಸಂಖ್ಯೆ ಕುಗ್ಗಿದರೆ ದರ ತಾನಾಗಿಯೇ ಚೆಂದವಾಗುತ್ತದೆ.

ಹಾಗಾದರೆ ಯಾವ ಅಂಕಿಯನ್ನು ನಂಬುವುದು? ನಾನು ಮೊದಲು ನೋಡುವುದು ಒಂದು ಸಾವಿಗೆ ಎಷ್ಟು ಗಾಯಗಳು ದಾಖಲಾಗಿವೆ ಎಂಬುದನ್ನು. ಹೆಣವನ್ನು ಬಚ್ಚಿಡುವುದು ಕಷ್ಟ, ಬೆರಳನ್ನು ಬಚ್ಚಿಡುವುದು ಸುಲಭ. 2017ರಿಂದ 2020ರವರೆಗೆ ಭಾರತದ ನೋಂದಾಯಿತ ಕಾರ್ಖಾನೆಗಳಲ್ಲಿ ವರ್ಷಕ್ಕೆ ಸರಾಸರಿ 1,109 ಸಾವುಗಳೂ ನಾಲ್ಕು ಸಾವಿರ ಚಿಲ್ಲರೆ ಗಾಯಗಳೂ ಕೇಂದ್ರದ ಕಾರ್ಖಾನೆ ಸಲಹಾ ಮಹಾನಿರ್ದೇಶನಾಲಯದ ಲೆಕ್ಕಕ್ಕೆ ಬಂದಿವೆ. ಅಂದರೆ ಒಂದು ಸಾವಿಗೆ ನಾಲ್ಕು ಗಾಯ. ಅಮೆರಿಕದಲ್ಲಿ 2022ರಲ್ಲಿ ಐದೂವರೆ ಸಾವಿರ ಸಾವಿಗೆ ಎದುರಾಗಿ ಖಾಸಗಿ ವಲಯವೊಂದರಲ್ಲೇ 28 ಲಕ್ಷ ಗಾಯ ಮತ್ತು ಕಾಯಿಲೆಗಳು ದಾಖಲಾದವು. ಒಂದು ಸಾವಿಗೆ ಸುಮಾರು ಐನೂರು. ಎರಡೂ ಕಡೆ ಗಾಯದ ವ್ಯಾಖ್ಯೆ ಒಂದೇ ಅಲ್ಲ, ಅಲ್ಲಿ ಸಣ್ಣ ಗಾಯವೂ ಪುಸ್ತಕ ಸೇರುತ್ತದೆ, ಅದು ನಿಜ. ಆದರೆ ನಾಲ್ಕಕ್ಕೂ ಐನೂರಕ್ಕೂ ನಡುವಿನ ಕಂದಕವನ್ನು ವ್ಯಾಖ್ಯೆಯೊಂದೇ ತುಂಬಲಾರದು. ನಮ್ಮ ಯಂತ್ರಗಳೇನೂ ಮನುಷ್ಯನನ್ನು ಕೊಂದರೆ ಕೊಲ್ಲುವ, ಇಲ್ಲವಾದರೆ ಮುಟ್ಟದೆ ಬಿಡುವ ಜಾತಿಯವಲ್ಲ.

ಬೆರಳಿನ ತುದಿ ಕಳೆದುಕೊಂಡ ಆ ಇಬ್ಬರಿಗೆ ಒಂದು ಮಾತು ತಲುಪಿಸಿ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ ಇದ್ದರೆ, ಅಪಘಾತದ ವರದಿಯನ್ನು ಕಂಪನಿ ಇ.ಎಸ್.ಐ. ಕಚೇರಿಗೆ ಕಳಿಸಿದೆಯೇ ಎಂದು ಬರವಣಿಗೆಯಲ್ಲಿ ಕೇಳಲಿ. ತಾತ್ಕಾಲಿಕವಾಗಿ ಕೆಲಸ ಮಾಡಲಾಗದ ದಿನಗಳಿಗೆ ಸಂಬಳದ ಶೇ. 90ರಷ್ಟು ಸಿಗುತ್ತದೆ, ಬೆರಳು ಶಾಶ್ವತವಾಗಿ ಹೋದದ್ದಕ್ಕೆ ಪ್ರತ್ಯೇಕವಾಗಿ ಮಾಸಿಕ ಮೊತ್ತ ನಿಗದಿಯಾಗುತ್ತದೆ. ಇದಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನ ಗಾಯವಾದರೂ ಹಕ್ಕಿದೆ. ಇ.ಎಸ್.ಐ. ಇಲ್ಲದಿದ್ದರೆ ಪರಿಹಾರದ ಅರ್ಜಿಯನ್ನು ಎರಡು ವರ್ಷದೊಳಗೆ ಹಾಕಬೇಕು. ಗುತ್ತಿಗೆದಾರ ಕೈಯೆತ್ತಿದರೂ ಮೂಲ ಮಾಲೀಕ ತಪ್ಪಿಸಿಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ದಿನದ ಆಸ್ಪತ್ರೆ ಚೀಟಿಯಲ್ಲಿ "ಕೆಲಸದ ವೇಳೆ ಯಂತ್ರದಿಂದ" ಎಂದು ಬರೆದಿದೆಯೇ, "ಬಾಗಿಲಿಗೆ ಸಿಕ್ಕಿ" ಎಂದು ಬರೆದಿದೆಯೇ ನೋಡಿಕೊಳ್ಳಲಿ.

ಪ್ರಶ್ನೆ: ನಮ್ಮ ತಂದೆ ಹದಿನೈದು ವರ್ಷ ಕಲ್ಲು ಕ್ವಾರಿಯಲ್ಲಿ ಡ್ರಿಲ್ ಹೊಡೆದವರು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎರಡು ಸಲ ಟಿ.ಬಿ. ಕೋರ್ಸು ಮುಗಿಸಿದರೂ ಗುಣವಾಗಿಲ್ಲ. ಕಫದಲ್ಲಿ ಕ್ರಿಮಿ ಸಿಕ್ಕಿಲ್ಲ ಎನ್ನುತ್ತಾರೆ. ಇದೇನಿರಬಹುದು? — ಓದುಗರೊಬ್ಬರು, ಚಿಕ್ಕಬಳ್ಳಾಪುರ ತಾಲ್ಲೂಕು

ಪತ್ರ ಓದಿ ರೋಗ ಹೇಳುವುದು ಸಲ್ಲದು, ನಾನು ವೈದ್ಯನೂ ಅಲ್ಲ. ಆದರೆ ನೀವು ಬರೆದ ಕೆಲಸ, ವರ್ಷಗಳು ಮತ್ತು ಲಕ್ಷಣಗಳನ್ನು ಒಟ್ಟಿಗೆ ಇಟ್ಟರೆ ವೈದ್ಯರ ಮುಂದೆ ಕೇಳಲೇಬೇಕಾದ ಒಂದು ಹೆಸರಿದೆ: ಸಿಲಿಕೋಸಿಸ್.

ನಮ್ಮ ಕಡೆಯ ಬಂಡೆ ಗ್ರಾನೈಟು. ಅದರಲ್ಲಿ ಬೆಣಚುಕಲ್ಲಿನ ಅಂಶ, ಅಂದರೆ ಸಿಲಿಕಾ, ಧಾರಾಳವಾಗಿದೆ. ಒಣಕಲ್ಲಿಗೆ ಜಾಕ್ ಹ್ಯಾಮರ್ ಇಟ್ಟಾಗ ಹುಬ್ಬು, ರೆಪ್ಪೆ, ಮೀಸೆಗಳನ್ನೆಲ್ಲ ಬೆಳ್ಳಗೆ ಮಾಡುವ ದೂಳನ್ನು ನೀವು ನೋಡಿರುತ್ತೀರಿ. ಸಂಜೆ ಮನೆಗೆ ಬಂದ ಡ್ರಿಲ್ಲರನ್ನು ಗುರುತಿಸುವುದೇ ಆ ಬಿಳಿ ರೆಪ್ಪೆಯಿಂದ. ಆದರೆ ಕಣ್ಣಿಗೆ ಕಾಣುವ ಆ ದೂಳು ಮೂಗಿನಲ್ಲಿ, ಗಂಟಲಿನಲ್ಲಿ ನಿಂತು ಕಫವಾಗಿ ಹೊರಬೀಳುತ್ತದೆ. ಕೊಲ್ಲುವುದು ಕಣ್ಣಿಗೆ ಕಾಣದ, ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ಸಣ್ಣದಾದ ದೂಳು. ಅದು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತದೆ, ಅಲ್ಲಿ ಅದನ್ನು ನುಂಗಲು ಬಂದ ರಕ್ಷಕ ಕೋಶವನ್ನೇ ಸಾಯಿಸುತ್ತದೆ, ಆ ಜಾಗದಲ್ಲಿ ಗಟ್ಟಿಯಾದ ಗಾಯದ ಗಂಟು ಕಟ್ಟುತ್ತದೆ. ಗಂಟುಗಳು ಸೇರಿ ಬೆಳೆದ ಹಾಗೆ ಶ್ವಾಸಕೋಶ ಹಿಗ್ಗುವುದನ್ನು ಮರೆಯುತ್ತದೆ. ಸಾಮಾನ್ಯವಾಗಿ ಹತ್ತು, ಇಪ್ಪತ್ತು ವರ್ಷ ಬೇಕು. ದೂಳು ವಿಪರೀತವಾದಲ್ಲಿ ಐದೇ ವರ್ಷ ಸಾಕು. ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯಬಹುದು, ಮತ್ತು ಕಟ್ಟಿದ ಗಂಟನ್ನು ಕರಗಿಸುವ ಔಷಧಿ ಇಲ್ಲ.

ಎಕ್ಸ್-ರೇಯಲ್ಲಿ ಈ ಗಂಟುಗಳು ಶ್ವಾಸಕೋಶದ ಮೇಲುಭಾಗದಲ್ಲಿ ಕಾಣುತ್ತವೆ, ಟಿ.ಬಿ.ಯ ಕಲೆಗಳೂ ಹೆಚ್ಚಾಗಿ ಅಲ್ಲೇ. ಹೀಗಾಗಿ ಒಂದನ್ನು ಇನ್ನೊಂದೆಂದು ತಿಳಿಯುವುದು ಸುಲಭ. ಜೊತೆಗೆ ಸಿಲಿಕಾ ತಿಂದ ಶ್ವಾಸಕೋಶಕ್ಕೆ ಟಿ.ಬಿ. ತಗಲುವ ಸಾಧ್ಯತೆಯೂ ಹಲವು ಪಟ್ಟು ಹೆಚ್ಚು, ಆದ್ದರಿಂದ ಎರಡೂ ಒಟ್ಟಿಗೇ ಇರಬಹುದು. ಕೊಟ್ಟ ಔಷಧಿ ತಪ್ಪಾಗಿತ್ತೆಂದು ನಾನು ಹೇಳುತ್ತಿಲ್ಲ. ವೈದ್ಯರು "ಏನು ಕೆಲಸ?" ಎಂದು ಕೇಳಿದಾಗ ನಿಮ್ಮ ತಂದೆ "ಕೂಲಿ" ಎಂದಿರುತ್ತಾರೆ. ಆ ಒಂದು ಮಾತಿನಲ್ಲಿ ರೋಗದ ಮೂಲವೇ ಮರೆಯಾಗಿಬಿಡುತ್ತದೆ. ಯಾವ ಕ್ವಾರಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಒಣ ಡ್ರಿಲ್ಲೇ ನೀರು ಹಾಯಿಸುವ ಡ್ರಿಲ್ಲೇ, ಜೊತೆಗೆ ದುಡಿದವರಲ್ಲಿ ಎಷ್ಟು ಜನಕ್ಕೆ ದಮ್ಮು, ಎಷ್ಟು ಜನ ತೀರಿಕೊಂಡರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಹಳೆಯ ಎಕ್ಸ್-ರೇಗಳೊಂದಿಗೆ ಎದೆರೋಗ ತಜ್ಞರಿಗೆ ತೋರಿಸಿ. ಸಿಲಿಕೋಸಿಸ್ ಎಂದು ಖಚಿತವಾದರೆ ಅದನ್ನು ಸರ್ಕಾರಕ್ಕೆ ತಿಳಿಸುವುದು ವೈದ್ಯರ ಕರ್ತವ್ಯ, ಮತ್ತು ಅದು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ.

ಈ ರೋಗ ನಮ್ಮ ನೆಲಕ್ಕೆ ಹೊಸದಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಕೋಲಾರದ ಚಿನ್ನದ ಗಣಿಗಳಿಂದ, 1934ರಲ್ಲಿ. ಅಲ್ಲಿ ಚಿನ್ನ ಸಿಗುತ್ತಿದ್ದುದು ಬೆಣಚುಕಲ್ಲಿನ ಪದರದಲ್ಲಿ. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮೇಲ್ಪಟ್ಟ ಜನರಲ್ಲಿ ರೋಗ ಕಂಡುಬಂತು. ಆ ಲೆಕ್ಕವೂ ಪೂರ್ತಿಯಲ್ಲ ಎಂಬುದು ನನ್ನ ಅಭಿಪ್ರಾಯ. ಯಾವುದೇ ಗಣಿಯಲ್ಲಿ ಪರೀಕ್ಷೆಯ ದಿನ ಸಾಲಿನಲ್ಲಿ ನಿಲ್ಲುವವರು ಇನ್ನೂ ದುಡಿಯಬಲ್ಲವರು, ದುಡಿಯಲಾರದವರು ಅಷ್ಟರಲ್ಲಿ ಊರು ಸೇರಿರುತ್ತಾರೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂತಹ ದೊಡ್ಡ ಗಣಿಯಲ್ಲಿ ಆಸ್ಪತ್ರೆಯಿತ್ತು, ದಾಖಲೆಯಿತ್ತು, ಆದ್ದರಿಂದ ಆ ನಲವತ್ತು ಎಂಬ ಅಂಕಿ ಇಂದಿಗೂ ಉಳಿದಿದೆ. ಮೇಸ್ತ್ರಿಯೊಬ್ಬ ವಾರದ ಕೂಲಿಗೆ ಕರೆತಂದ ಕ್ವಾರಿಯ ಆಳಿಗೆ ಯಾವ ಪುಸ್ತಕವೂ ಇಲ್ಲ.

2021ರ ಫೆಬ್ರವರಿಯಲ್ಲಿ ನಿಮ್ಮದೇ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತಾಗ ಮಂತ್ರಿಗಳು ಬಂದರು, ತನಿಖೆಯಾಯಿತು. ಬರಬೇಕಾದದ್ದೇ. ಆದರೆ ದೂಳಿನಿಂದ ಹಾಸಿಗೆ ಹಿಡಿದು ಒಬ್ಬೊಬ್ಬರಾಗಿ ಸಾಯುವವರ ಮನೆಗೆ ಯಾರೂ ಬರುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2023ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ಕೆಲಸದಿಂದಾಗಿ ವರ್ಷಕ್ಕೆ ಸಾಯುವ ಸುಮಾರು 29 ಲಕ್ಷ ಜನರಲ್ಲಿ ಅಪಘಾತದಿಂದ ಸಾಯುವವರು 3.3 ಲಕ್ಷ, ಉಳಿದ 26 ಲಕ್ಷ ಜನ ಸಾಯುವುದು ಕಾಯಿಲೆಯಿಂದ.

ನಿಮ್ಮ ಮನೆಯಲ್ಲಿ ಇನ್ನಾರಾದರೂ ಅದೇ ಕೆಲಸಕ್ಕೆ ಹೋಗುತ್ತಿದ್ದರೆ, ಮುಖಕ್ಕೆ ಕಟ್ಟಿದ ಟವೆಲ್ಲು ಈ ದೂಳನ್ನು ತಡೆಯುವುದಿಲ್ಲ ಎಂಬುದನ್ನು ಅವರಿಗೆ ಹೇಳಿ. ಡ್ರಿಲ್ಲಿನ ತುದಿಗೆ ನೀರು ಹಾಯಿಸುವುದೇ ಸರಿಯಾದ ಉಪಾಯ. ಎನ್-95 ಮಾಸ್ಕು ಅದರ ಮೇಲಿನ ಆಸರೆ ಮಾತ್ರ. ನೀರಿಗೆ ಟ್ಯಾಂಕರ್ ತರಿಸಬೇಕಾದ ನಮ್ಮ ಜಿಲ್ಲೆಗಳಲ್ಲಿ ಈ ಮಾತಿಗೆ ಮಾಲೀಕರು ನಗುತ್ತಾರೆಂದು ನನಗೆ ಗೊತ್ತು. ದೂರು ಕೊಡುವಾಗ ಒಂದು ವ್ಯತ್ಯಾಸ ತಿಳಿದಿರಲಿ: ಬಂಡೆ ಒಡೆಯುವ ಕ್ವಾರಿ ಸಾಮಾನ್ಯವಾಗಿ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತದೆ, ಜಲ್ಲಿ ಮಾಡುವ ಕ್ರಷರ್ ರಾಜ್ಯದ ಕಾರ್ಖಾನೆಗಳ ಇಲಾಖೆಗೆ ಬರುತ್ತದೆ. ತಪ್ಪಿದ ಬಾಗಿಲು ತಟ್ಟಿ ಆರು ತಿಂಗಳು ಕಳೆದವರಿದ್ದಾರೆ.

ಪ್ರಶ್ನೆ: ತೆಂಗಿನ ಮರ ಹತ್ತುವವರು ಬಿದ್ದರೆ ಅದು ಯಾವ ಲೆಕ್ಕಕ್ಕೆ ಬರುತ್ತದೆ? — ರೈತರೊಬ್ಬರು, ತಿಪಟೂರು

ಕಾರ್ಖಾನೆಯ ಲೆಕ್ಕಕ್ಕಂತೂ ಬರುವುದಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ "ಎತ್ತರದಿಂದ ಬಿದ್ದದ್ದು" ಎಂದಾಗಿ, ಮಹಡಿಯಿಂದ ಬಿದ್ದ ಮಗುವಿನ ಜೊತೆಗೇ ಸೇರಿಹೋಗುತ್ತದೆ. ಅಮೆರಿಕದ ಪಟ್ಟಿಯಲ್ಲಿ ಮರ ಕಡಿಯುವವರು ಮೊದಲ ಸ್ಥಾನದಲ್ಲಿರುವುದನ್ನು ನೆನೆದರೆ, ನಮ್ಮಲ್ಲಿ ಎಣಿಸಿದ್ದರೆ ಇವರ ಸ್ಥಾನ ಎಲ್ಲಿರುತ್ತಿತ್ತೋ ಎಂದು ಯೋಚಿಸುವಂತಾಗುತ್ತದೆ. ತೆಂಗು ಅಭಿವೃದ್ಧಿ ಮಂಡಳಿಯ ಕೇರಾ ಸುರಕ್ಷಾ ಎಂಬ ಅಪಘಾತ ವಿಮೆ ಮರ ಹತ್ತುವವರಿಗಾಗಿಯೇ ಇದೆ. ನಿಮ್ಮ ತೋಟಕ್ಕೆ ಬರುವವರ ಹೆಸರು ಅದರಲ್ಲಿದೆಯೇ ಎಂದು ಮುಂದಿನ ಕೊಯ್ಲಿಗೆ ಮುಂಚೆ ಕೇಳಿ. ಮಳೆ ಬಿದ್ದ ಮಾರನೆಯ ಬೆಳಗ್ಗೆ ಪಾಚಿ ಹಿಡಿದ ಮರಕ್ಕೆ ಹತ್ತಿಸಬೇಡಿ.

ಪ್ರಶ್ನೆ: ನಮ್ಮದು ಮನೆಗೆ ಅಂಟಿಕೊಂಡ ರೇಷ್ಮೆ ನೂಲು ಬಿಚ್ಚುವ ಘಟಕ. ನಾನೂ ಇನ್ನು ಐದು ಹೆಂಗಸರೂ ಕೆಲಸ ಮಾಡುತ್ತೇವೆ. ಬೆರಳ ಸಂದಿ ಬಿಳಚಿ ಒಡೆಯುತ್ತದೆ, ಇತ್ತೀಚೆಗೆ ರಾತ್ರಿ ಉಬ್ಬಸವೂ ಶುರುವಾಗಿದೆ. ಇದನ್ನು ಕೆಲಸದ ಕಾಯಿಲೆ ಎನ್ನಬಹುದೇ? — ಗೃಹಿಣಿಯೊಬ್ಬರು, ಶಿಡ್ಲಘಟ್ಟ

ಎನ್ನಬಹುದು. ಕೈಯ ತೊಂದರೆ ನಿಮ್ಮ ಕಸುಬಿನಲ್ಲಿ ಹಳೆಯದು. ಗೂಡನ್ನು ಬೇಯಿಸಿದ ನೀರಿನಲ್ಲಿ ದಿನವಿಡೀ ಬೆರಳು ಅದ್ದಿ ಎಳೆಯ ತುದಿ ಹುಡುಕುವವರ ಚರ್ಮ ತನ್ನ ಎಣ್ಣೆಯಂಶ ಕಳೆದುಕೊಂಡು ಮೆತ್ತಗಾಗುತ್ತದೆ, ಒಡೆಯುತ್ತದೆ, ಒಡೆದ ಕಡೆ ಸೋಂಕು ಸೇರುತ್ತದೆ. ರಬ್ಬರ್ ಗ್ಲೌಸ್ ಹಾಕಿಕೊಳ್ಳಿ ಎಂದು ಹೇಳುವುದು ಸುಲಭ. ಕೂದಲಿಗಿಂತ ತೆಳುವಾದ ಎಳೆ ಗ್ಲೌಸಿನ ಬೆರಳಿಗೆ ಗೊತ್ತಾಗುವುದಿಲ್ಲ ಎಂದು ನೀವು ಹೇಳುವ ಉತ್ತರವೂ ನನಗೆ ಗೊತ್ತು. ಸರದಿ ಬದಲಿಸಿಕೊಂಡು ಕೈಗೆ ಒಣಗಲು ಬಿಡುವು ಕೊಡುವುದು, ಸಂಜೆ ತಣ್ಣೀರಿನಲ್ಲಿ ತೊಳೆದು ಬೆರಳ ಸಂದಿಯನ್ನು ಪೂರ್ತಿ ಒರೆಸಿ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನ್ನನ್ನೋ ಹಚ್ಚುವುದು ಆಗುವ ಮಾತು. ಕೀವು ಬಂದರೆ ಚರ್ಮದ ವೈದ್ಯರನ್ನು ನೋಡಬೇಕು.

ಉಬ್ಬಸವನ್ನು ಮಾತ್ರ ಮುಂದೂಡಬೇಡಿ. ರೇಷ್ಮೆ ಎಳೆಯ ಮೇಲಿನ ಅಂಟೂ, ಗೂಡಿನೊಳಗಿನ ಹುಳುವಿನ ಅಂಶವೂ ಆವಿಯ ಜೊತೆ ಗಾಳಿಗೆ ಸೇರಿ ಕೆಲವರಿಗೆ ಅಲರ್ಜಿಯ ಆಸ್ತಮಾ ತರುತ್ತವೆ. ಒಲೆಯ ಹೊಗೆ ಅದನ್ನು ಹೆಚ್ಚಿಸುತ್ತದೆ. ಮೊದಲಿಗೆ ಕೆಲಸದ ಹೊತ್ತಿನಲ್ಲಿ, ಆಮೇಲೆ ಸಂಜೆ, ಆಮೇಲೆ ರಾತ್ರಿ ಎಂದು ಅದು ಬೆಳೆಯುತ್ತದೆ. ಬೇಗ ಗುರುತಿಸಿ ಆ ಗಾಳಿಯಿಂದ ದೂರವಾದವರು ಗುಣವಾಗುವುದು ಸುಲಭ, ವರ್ಷಗಟ್ಟಲೆ ಸಹಿಸಿಕೊಂಡವರಿಗೆ ಅದು ಉಳಿದುಬಿಡಬಹುದು. ಹೊಗೆ ಹೋಗಲು ಎತ್ತರದ ಕೊಳವೆ, ಆವಿಯನ್ನು ಹೊರಗೆಳೆಯುವ ಫ್ಯಾನು, ಬಿಚ್ಚಿ ಉಳಿದ ಹುಳುವನ್ನು ಅಂದಂದೇ ಹೊರಗೆ ಸಾಗಿಸುವುದು, ಮಲಗುವ ಕೋಣೆಗೂ ಘಟಕಕ್ಕೂ ನಡುವಿನ ಬಾಗಿಲನ್ನು ಮುಚ್ಚಿಡುವುದು, ಇಷ್ಟನ್ನು ಈ ವಾರವೇ ಮಾಡಬಹುದು.

ಆರು ಜನರ ಘಟಕ ಕಾನೂನಿನ ಕಣ್ಣಿಗೆ ಕಾರ್ಖಾನೆಯೇ ಅಲ್ಲ. ವಿದ್ಯುತ್ ಬಳಸುವಲ್ಲಿ ಇಪ್ಪತ್ತು ಜನರಿದ್ದರೆ ಮಾತ್ರ ಹೊಸ ಸಂಹಿತೆಯಲ್ಲಿ ಆ ಹೆಸರು. ಆದ್ದರಿಂದ ನಿಮ್ಮ ಕೆಮ್ಮನ್ನು ಎಣಿಸಲು ಯಾರೂ ಬರುವುದಿಲ್ಲ, ನೀವೇ ಎಣಿಸಬೇಕು. ಎರಡು ವಾರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ: ಯಾವ ದಿನ ಒಲೆ ಹಚ್ಚಿದಿರಿ, ಯಾವ ರಾತ್ರಿ ಉಬ್ಬಸ ಬಂತು, ಗೂಡು ಸಿಗದೆ ಘಟಕ ನಿಂತ ದಿನ ಅಥವಾ ತವರಿಗೆ ಹೋದ ದಿನ ಉಸಿರು ಹೇಗಿತ್ತು. ಉಳಿದ ಐದು ಜನರಿಗೂ ಒಂದೊಂದು ಸಾಲು ಇರಲಿ. ಕೆಲಸ ನಿಂತ ದಿನಗಳಲ್ಲಿ ಉಸಿರು ಹಗುರವಾಗಿದ್ದರೆ ವೈದ್ಯರಿಗೆ ಅದಕ್ಕಿಂತ ದೊಡ್ಡ ಸುಳಿವು ಬೇಕಿಲ್ಲ. ಔಷಧಿ ಚೀಟಿಗಳ ಜೊತೆ ಆ ಕ್ಯಾಲೆಂಡರಿನ ಹಾಳೆಯನ್ನೂ ತೆಗೆದುಕೊಂಡು ಹೋಗಿ.